ಜಪಾನಿ ಗುಡಿಯ ಸೂರು ಕೆಡವಿದವನು

ಖಾಜಾ, ಆ ಜಪಾನಿ ಗುಡಿಯ ಸೂರು ಬಿದ್ದದ್ದು ನಿನ್ನ ಇಟ್ಟಿಗೆಯಿಂದಲ್ಲ — ನನ್ನ ಕೈಯಿಂದ. ಗೊತ್ತಿದ್ದೂ ಮಾಡಿದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಊರಿನ ದೊಡ್ಡವರು ತಮ್ಮ ತಪ್ಪಿಗೆ ಉತ್ತರ ಹೇಳಲಿ ಎಂದು ಪತ್ರಿಕೆಗಳಲ್ಲಿ ಗುಡುಗುವ ನಾನು, ಈ ಒಂದು ಮಾತನ್ನು ನುಂಗಿಕೊಂಡೇ ಅಷ್ಟನ್ನೂ ಬರೆದೆ.

ಬಳ್ಳಾರಿಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ವಸ್ತುಪ್ರದರ್ಶನಕ್ಕೆಂದು ನೀನು ಜಪಾನಿನ ಮೂರಂತಸ್ತಿನ ಗುಡಿಯ ಮಾದರಿಯನ್ನು ಇಟ್ಟಿಗೆಯಲ್ಲಿ ಕಟ್ಟಹೊರಟೆ. ಸಿರುಗುಪ್ಪದ ನಿಮ್ಮ ಭಟ್ಟಿಯಲ್ಲಿ ಬೆರಳುದ್ದದ ಇಟ್ಟಿಗೆ ಸುಟ್ಟು ತಂದೆ. ಜಪಾನಿನವರು ಮರದಲ್ಲಿ ಚಾಚುವ ಸೂರನ್ನು ನೀನು ಇಟ್ಟಿಗೆಯಲ್ಲಿ ಚಾಚಿದೆ — ಒಂದೊಂದು ಸಾಲನ್ನೂ ತುಸು ಹೊರಗೆ ತಳ್ಳಿ, ಅದರ ಹಿಂಬದಿಯ ಮೇಲೆ, ಗುಡಿಯ ಒಳಗೆ, ಇಟ್ಟಿಗೆಗಳ ಭಾರ ಹೇರಿ.

"ಒಳಗಿನ ಭಾರಾ ತಗದ್ರ ಹೊರಗಿನ ಸೂರು ನಿಲ್ಲಂಗಿಲ್ಲ. ಕೈ ಹಚ್ಚಬ್ಯಾಡಲೇ, ಪಂಡಿತ!" ಎಂದು ನೀನು ನಕ್ಕಿದ್ದೆ. ಗುಡಿ ಗೆದ್ದರೆ ಮುಂಬಯಿಯ ವಾಸ್ತುಶಿಲ್ಪ ಕಾಲೇಜಿಗೆ ಶಿಫಾರಸು ಬರೆದುಕೊಡುತ್ತೇನೆಂದು ನಮ್ಮ ಮೇಷ್ಟ್ರು ನಿನಗೆ ಮಾತು ಕೊಟ್ಟಿದ್ದರು.

ಉದ್ಘಾಟನೆಯ ಶುಕ್ರವಾರ ನೀನು ನಮಾಜಿಗೆ ಹೋದಾಗ ಆ ಮೇಷ್ಟ್ರೇ ಬಂದರು. ಅತಿಥಿಗಳು ಗುಂಡಿ ಒತ್ತಿದರೆ ಕಿಟಕಿಗಳು ಬೆಳಗಬೇಕಂತೆ. "ಒಳಗಿನ ಇಟ್ಟಿಗಿ ಯಾರು ನೋಡ್ತಾರೋ? ತಗದು ಬಲ್ಬು ಕುಂದ್ರಸು." ನಿನ್ನ ಎಚ್ಚರಿಕೆಯನ್ನು ಹೇಳಬಹುದಿತ್ತು. ಅವರ ಮೆಚ್ಚಿನ ಶಿಷ್ಯನೆಂಬ ಪಟ್ಟ — ಅದು ನನಗೆ ನಿನಗಿಂತ ದೊಡ್ಡದಾಗಿತ್ತು — ತೆಗೆದೆ. ಇಟ್ಟಿಗೆಗಳನ್ನು ನನ್ನ ಚೀಲಕ್ಕೆ ತುಂಬಿದೆ.

ನೀನು ಮರಳಿ ಬಂದವನೇ ವೈರು ಕಂಡೆ. "ಒಳಗ ಮುಟ್ಟಿಲ್ಲ ಹೌದಲ್ಲಲೇ?"

"ನಿನ್ನಾಣಿಗೂ ಇಲ್ಲ. ಮ್ಯಾಲಿಂದ ಇಳಿಬಿಟ್ಟೀನಿ."

ನೀನು ನಂಬಿದೆ.

ಮಣ್ಣಿನ ಅಂಟಿನ ಮೇಲೆ ಸೂರು ಸಂಜೆಯವರೆಗೆ ಹೇಗೋ ನಿಂತಿತು. ದೀಪ ಹತ್ತಿತು, ಜನ ನುಗ್ಗಿದರು, ಮೇಜು ಅಲುಗಿತು — ಎಲ್ಲವೂ ಅತಿಥಿಗಳ ಕಾಲ ಬಳಿ ಕುಸಿಯಿತು. "ಹಸಿ ಇಟ್ಟಿಗಿ ತಂದು ಕಾಲೇಜಿನ ಮಾನ ಕಳದ್ಯಲ್ಲೋ!" ಎಂದು ಮೇಷ್ಟ್ರು ನಿನ್ನ ಮೇಲೆ ಅರಚಿದರು. ನೀನು ತಲೆ ತಗ್ಗಿಸಿ ನಿಂತಿದ್ದಾಗ, ಚೂರು ಬಾಚುವ ನೆಪದಲ್ಲಿ ನಾನು ಚೀಲದ ಇಟ್ಟಿಗೆಗಳನ್ನು ಆ ರಾಶಿಗೆ ಸುರಿದೆ. ಇದಕ್ಕೆ ಯಾವ ಗುರುವಿನ ಆಜ್ಞೆಯೂ ಇರಲಿಲ್ಲ.

ಶಿಫಾರಸು ನಿನಗೆ ಸಿಗಲಿಲ್ಲ. ನೀನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದೆ. ನಾನು ಅದೇ ಮೇಷ್ಟ್ರ ಶಿಫಾರಸಿನಿಂದ ವಿಶ್ವವಿದ್ಯಾಲಯಕ್ಕೆ ಹೋದೆ. ಮೇಷ್ಟ್ರೇ, ನೀವೂ ಉತ್ತರ ಹೇಳಬೇಕು, ಬಿಡುವುದಿಲ್ಲ. ಆದರೆ ನಿಮ್ಮ ಪಾಲು ನನ್ನ ಪಾಲನ್ನು ಎಳ್ಳಷ್ಟೂ ತಗ್ಗಿಸದು.

ಹೋದ ತಿಂಗಳು ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಸಿಕ್ಕೆಯಲ್ಲ, ಖಾಜಾ. ಕಟ್ಟುವುದನ್ನು ಏಕೆ ಬಿಟ್ಟೆ ಎಂದು ಕೇಳುವ ನಿರ್ಲಜ್ಜತನವೂ ನನಗಿತ್ತು. ನೀನು ನಕ್ಕೆ. "ಇಟ್ಟಿಗಿ ಸುಡಾಕ ಬರದವ ನಾನು. ಮನಿ ಕಟ್ಟಿದ್ರ ಯಾರರ ಸಾಯ್ತಿದ್ರು, ಬಿಡಲೇ. ಚಾ ಕುಡಿ, ಆರತೈತಿ."

ನಿನಗೆ ನಿನ್ನ ಕೈಯ ಮೇಲಿದ್ದ ನಂಬಿಕೆಯನ್ನೇ ನಾನು ಕದ್ದಿದ್ದೆ! ಆಗಲಾದರೂ ಬಾಯಿ ಬಿಟ್ಟೆನೇ? ಮೇಷ್ಟ್ರಿರಲಿಲ್ಲ, ಅತಿಥಿಗಳಿರಲಿಲ್ಲ, ಹೆದರಲು ಯಾರೂ — ಚಹಾ ಕುಡಿದು ಬಸ್ಸು ಹತ್ತಿದೆ.

ಈ ಬರಹ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ನಿನ್ನ ಮನೆಗೆ ಬರುತ್ತೇನೆ. ನಿನ್ನ ಹೆಂಡತಿ ಮಕ್ಕಳ ಮುಂದೆ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ, ಬೀದಿಯಲ್ಲಿ ನಿಂತು, ಓಣಿಯವರಿಗೆಲ್ಲ ಕೇಳುವಂತೆ ಹೇಳುತ್ತೇನೆ.