ಮೂರು ಕೋಟ್ ಪಾಲಿಷ್

ಕುರ್ಚಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಪಾಲಿಷ್ ವಿಭಾಗದ ಮೇಲ್ವಿಚಾರಕಿ. ಮೂಗಿನ ತುದಿಯಲ್ಲೇ ಕೋಪ, ಆದರೆ ಯಾರ ಹೊಟ್ಟೆಯ ಮೇಲೂ ಹೊಡೆದವಳಲ್ಲ. ಯಜಮಾನರ ಮಾತನ್ನು ಕೆಲಸಗಾರರಿಗೆ ಬಿಡಿಸಿ ಹೇಳುವುದು ಅವಳ ಪಾಲಿಗೆ ಬಂದ ಕೆಲಸ. ಹಳೆಯ ಯಜಮಾನರ ಕಾಲದಲ್ಲಿ ಅದೇನೂ ಕಷ್ಟವಿರಲಿಲ್ಲ. ಅವರು ಬೈದರೂ ಅರ್ಥವಾಗುವ ಹಾಗೆ ಬೈಯುತ್ತಿದ್ದರು.

ಮಗ ಯಜಮಾನರಾದ ಮೇಲೆ ಎಲ್ಲ ತಲೆಕೆಳಗಾಯಿತು. ಯಾವುದೋ ತರಬೇತಿಗೆ ಹೋಗಿ ಬಂದವರೇ ಗೋಡೆಗೆ ಆಳುದ್ದದ ಫಲಕ ಹಾಕಿಸಿದರು: ‘ಶ್ರೇಷ್ಠತೆಯ ಶಿಖರದತ್ತ ಒಂದೇ ಮನಸ್ಸಿನ ಪಯಣ.’ ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಎಲ್ಲರೂ ಎದೆಯ ಮೇಲೆ ಕೈಯಿಟ್ಟು ಅದನ್ನು ಒಟ್ಟಿಗೆ ಹೇಳಬೇಕು. ಹೇಳಿದರು. ಹೇಳುವುದಕ್ಕೇನು, ಬಾಯಿ ಸವೆಯುತ್ತದೆಯೇ? ಆದರೆ ಹೇಳಿ ಮುಗಿಸಿ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಹಾಗಾದರೆ ಇನ್ನು ಕುರ್ಚಿಯನ್ನು ಹೇಗೆ ಮಾಡಬೇಕು?

ಅವಳು ಯಜಮಾನರ ಕೋಣೆಗೆ ಹೋಗಿ ನೇರವಾಗಿ ಕೇಳಿದಳು. “ಸಾರ್, ಪಾಲಿಷ್ ಎರಡು ಕೋಟ್ ಸಾಕಾ, ಮೂರು ಬೇಕಾ?”

ಅವರು ಮಗುವನ್ನು ನೋಡಿ ನಗುವ ಹಾಗೆ ನಕ್ಕರು. “ಶಿಖರ ಹತ್ತೋರು ಕೋಟ್ ಲೆಕ್ಕ ಹಾಕ್ತಾ ಕೂರಲ್ಲ ದೊಡ್ಡಕ್ಕ. ಅದನ್ನ ಫೀಲ್ ಮಾಡ್ಬೇಕು.”

ಫೀಲ್ ಮಾಡಿದಳು, ಪಾಪ. ಮತ್ತೆ ಕೇಳಿದರೆ ದಡ್ಡಿ ಎಂದುಕೊಂಡಾರು ಎಂಬ ಸಂಕೋಚ ಬೇರೆ. ಶ್ರೇಷ್ಠವೆಂದರೆ ಒಳ್ಳೆಯದು, ಒಳ್ಳೆಯದಾಗಬೇಕೆಂದರೆ ನಿಧಾನವಾಗಬೇಕು ಎಂದು ತಾನೇ ಅರ್ಥ ಕಟ್ಟಿಕೊಂಡು, ಕೆಳಗಿಳಿದು ಬಂದು ಮೂರು ಕೋಟ್ ಹೊಡೆಯಲು ಹೇಳಿಬಿಟ್ಟಳು. ಉಳಿದವರು ಅವಳು ಬೆನ್ನು ತಿರುಗಿಸಿದರೆ ಎರಡಕ್ಕೇ ಕೈ ತೊಳೆದುಕೊಳ್ಳುತ್ತಿದ್ದರು. ಚಾಚೂ ತಪ್ಪದೆ ಪಾಲಿಸಿದವನು ಅವಳ ಮೈದುನ ಒಬ್ಬನೇ. ಅವಳೇ ಮುಂದೆ ನಿಂತು ಕೆಲಸಕ್ಕೆ ಸೇರಿಸಿದವನು. ಅವನ ಹೆಂಡತಿ ಬಸುರಿ. ಆ ಮನೆ ನಡೆಯುತ್ತಿದ್ದದ್ದು ಅವನೊಬ್ಬನ ಸಂಬಳದಲ್ಲಿ.

ತಿಂಗಳ ಕೊನೆಗೆ ಯಜಮಾನರು ಅವಳನ್ನು ಕರೆಸಿದರು. ಶಾಲೆಗಳಿಗೆ ಕಡಿಮೆ ಬೆಲೆಯ ಕುರ್ಚಿಗಳನ್ನು ರಾಶಿ ರಾಶಿ ಮಾಡಿಕೊಡುವುದೇ ಕಂಪನಿಯ ಗುರಿಯಂತೆ. ಒಂದು ಕೋಟ್ ಧಾರಾಳವಾಯಿತಂತೆ. ಕೈ ನಿಧಾನ ಇರುವವರನ್ನು ಇಟ್ಟುಕೊಳ್ಳಲು ಆಗುವುದಿಲ್ಲವಂತೆ. ಯಾರನ್ನು ಎಂದು ಅವರು ಬಾಯಿಬಿಡುವ ಮೊದಲೇ ಅವಳಿಗೆ ಗೊತ್ತಾಯಿತು.

“ಸಾರ್, ಇದನ್ನ ಅವತ್ತೇ ಹೇಳ್ಬಹುದಿತ್ತಲ್ಲ?”

“ದಿನಾ ಬೆಳಿಗ್ಗೆ ಹೇಳಿಸ್ತಾನೇ ಇದೀನಲ್ಲ,” ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೂರು ಕೋಟ್ ಎಂದದ್ದು ತಾನು, ಕಳಿಸುವುದಿದ್ದರೆ ತನ್ನನ್ನು ಕಳಿಸಿ ಎಂದು ಹಟ ಹಿಡಿದಳು, ಆಮೇಲೆ ಕೈಮುಗಿದಳು. ಎರಡೂ ನಡೆಯಲಿಲ್ಲ. ಮೈದುನನಿಗೆ ಅವಳೇ ತಿಳಿಸಬೇಕು, ಅವಳಷ್ಟು ಚೆನ್ನಾಗಿ ಅರ್ಥ ಮಾಡಿಸುವವರು ಇನ್ನಾರೂ ಇಲ್ಲ ಎಂದು ಯಜಮಾನರು ಹೊಗಳಿ ಕಳಿಸಿದರು. ಆ ಹೊಗಳಿಕೆಗಿಂತ ಎರಡೇಟು ಕೊಟ್ಟಿದ್ದರೆ ವಾಸಿಯಿತ್ತು.

ಸಂಜೆ ಅವನ ಮನೆಗೆ ಹೋದಾಗ ಅವನು ಹಿತ್ತಲಲ್ಲಿ ಸೀಮೆಎಣ್ಣೆ ಬಟ್ಟೆಯಿಂದ ಉಗುರಿನ ಕಲೆ ಉಜ್ಜುತ್ತಿದ್ದ. ಅವಳನ್ನು ಕಂಡವನೇ ಮುಖ ಅರಳಿಸಿದ.

“ಅತ್ತಿಗೆ, ಇವತ್ತು ಒಂದು ಕುರ್ಚಿಗೆ ನಾಲ್ಕನೇ ಕೋಟೂ ಹೊಡ್ದೆ. ನೀವೇನೂ ಹೇಳಿರ್ಲಿಲ್ಲ, ನಂಗೇ ಮನಸ್ಸಾಯ್ತು. ಯಜಮಾನ್ರು ನೋಡಿದ್ರಾ?”

“ನೋಡಿದ್ರು,” ಎಂದಳು. “ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡವಂತೆ.”

ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು.