ಖಾಲಿ ಸೌಟಿನ ಪಾಯಸ

“ಏ ತಮಾ, ನಮ್ಮ ಮಾಣಿಗೆ ಬಡ್ಸಿದ್ದೇ ಇಲ್ಲೆ!”

ಕುಮಟೆಯ ಕಾಲೇಜಿನ ಸಭಾಂಗಣದಲ್ಲಿ ಮುಂದಿನ ಸಾಲಿನಿಂದ ಎದ್ದು ನಿಂತು ಹೀಗೆ ಕೂಗಿದವಳು ನನ್ನ ಆಯಿ, ಅಂದರೆ ಅಮ್ಮ; ಅವಳು ‘ಮಾಣಿ’ ಎಂದದ್ದು ಮಗನಾದ ನನ್ನನ್ನೇ. ವೇದಿಕೆಯ ಮೇಲೆ ವಿದ್ಯಾರ್ಥಿಗಳಾದ ನಾವು ಅಸಂಗತ ನಾಟಕವೊಂದನ್ನು ಆಡುತ್ತಿದ್ದೆವು. ಪಂಕ್ತಿಯಲ್ಲಿ ಕೂತವರ ಖಾಲಿ ಬಾಳೆಲೆಗಳಿಗೆ ಖಾಲಿ ಪಾತ್ರೆಯಿಂದ ಪಾಯಸ ಬಡಿಸುವ ದೃಶ್ಯ ಅದು. ಪುಸ್ತಕದಲ್ಲಿ ಓದಿದಾಗ ಅದರ ಪಕ್ಕ ‘ಬದುಕಿನ ಶೂನ್ಯ’ ಎಂದು ಪೆನ್ಸಿಲ್ಲಿನಲ್ಲಿ ಬರೆದು, ಎರಡು ದಿನ ಗಂಭೀರವಾಗಿ ಓಡಾಡಿದ್ದೆ.

ಬಡಿಸುವವನು ಗಡಿಬಿಡಿಯಲ್ಲಿ ನನ್ನ ಎಲೆ ದಾಟಿ ಹೋಗಿಬಿಟ್ಟಿದ್ದ. ಪಂಕ್ತಿಯಲ್ಲಿ ಒಂದು ಎಲೆ ಬಿಟ್ಟು ಮುಂದೆ ಹೋಗುವುದು ನಮ್ಮ ಕಡೆ ಸಣ್ಣ ಅವಮಾನವಲ್ಲ. ಪಾಪ, ಅವನು ಆಯಿಯ ಕೂಗಿಗೆ ಬೆಚ್ಚಿ ವಾಪಸು ಬಂದು, ಸೊಂಟ ಬಗ್ಗಿಸಿ, ನನ್ನ ಎಲೆಯ ಮೇಲೆ ಖಾಲಿ ಸೌಟನ್ನು ಮಗುಚಿದ.

“ಹಾಂ, ಈಗ ಆತು” ಎಂದು ಆಯಿ ಕೂತಳು. ಸಭಾಂಗಣವೆಲ್ಲ ನಕ್ಕಿತು. ಇಲ್ಲದ ಪಾಯಸವನ್ನು ನಾನು ಸೊರ್ರೆಂದು ಉಂಡೆ.

ಮೊನ್ನೆ ಆ ಪುಸ್ತಕ ಮತ್ತೆ ಕೈಗೆ ಸಿಕ್ಕಿತು. ಪಂಕ್ತಿಯ ಪುಟಕ್ಕೆ ಬಂದವನು ಮುಂದೆ ಓದಲಾರದೆ ಕೂತೆ. ಆಯಿ ಹೋಗಿ ವರ್ಷಗಳಾದವು. ಈಗ ನನ್ನ ಎಲೆ ತಪ್ಪಿಹೋದರೆ ಎದ್ದು ನಿಂತು ಕೂಗುವವರು ಯಾರೂ ಇಲ್ಲ.