ಕೆಲಸ ಸಿಗದ ದಿನದ ಕೇಸರಿಭಾತ್

ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ರಾಜಲಕ್ಷ್ಮಿ ಒಂದು ಸಂಜೆ ಡಬ್ಬಿ ತುಂಬ ಕೇಸರಿಭಾತ್ ತಂದಾಗ, ಅವರಿಗೆ ಕೆಲಸ ಸಿಕ್ಕಿತೆಂದೇ ತಿಳಿದೆ. ಹಿಂದಿನ ವಾರವಷ್ಟೇ ಕನ್ನಡ ಕೂಟದಲ್ಲಿ ನಾನು ‘ಸೋಲಿನಲ್ಲೂ ನಗು’ ಎಂದು ಭಾಷಣ ಬಿಗಿದಿದ್ದೆ. ಫಲ ಇಷ್ಟು ಬೇಗ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

“ಕಂಗ್ರಾಚುಲೇಷನ್ಸ್. ಎಲ್ಲಿ ಕೆಲಸ?”

“ಸಿಗಲಿಲ್ಲ ಭುಜಂಗರಾಯರೇ. ಅದಕ್ಕೇ ಮಾಡಿದ್ದು. ಬಿಸಿ ಇದೆ, ತಿನ್ನಿ.”

ಅದು ತೊಂಬತ್ತಮೂರನೇ ಇಸವಿ. ಅವರ ಯಜಮಾನರು ತ್ಯಾಗರಾಜರನ್ನು ಕಂಪನಿ ಲೇಆಫ್ ಮಾಡಿತ್ತು. ಬೇಸಿಗೆಯೊಳಗೆ ಈಕೆಗೆ ಇಲ್ಲಿ ಕೆಲಸ ಸಿಗದಿದ್ದರೆ ಮನೆ ಮಾರಿ, ಯಜಮಾನರಿಗೆ ಬೇರೆ ಕೆಲಸ ಸಿಕ್ಕಿದ್ದ ಟೆಕ್ಸಸ್‌ಗೆ ಹೋಗಬೇಕು. ಹೈಸ್ಕೂಲಿನ ಕೊನೆಯ ವರ್ಷ ಎದುರಿಗಿದ್ದ ಮಗಳು ಹರಿಣಿ, “ಅಮ್ಮ, ಐ ಆಮ್ ನಾಟ್ ಗೋಯಿಂಗ್,” ಎಂದು ರೂಮಿನ ಬಾಗಿಲು ಹಾಕಿಕೊಂಡಿದ್ದಳು.

ರಾಜಲಕ್ಷ್ಮಿ ಮೈಸೂರಿನಲ್ಲಿ ಲೆಕ್ಕದ ಮೇಡಂ ಆಗಿದ್ದವರು. ಕೆಲಸ ಇಲ್ಲವೆಂದ ಕಡೆಗೆಲ್ಲ ಫೋನ್ ಮಾಡಿ, ಎಲ್ಲಿ ತಪ್ಪಾಯಿತೆಂದು ಕೇಳುತ್ತಿದ್ದರು. ಹೆಚ್ಚಿನವರು ನಯವಾಗಿ ಜಾರಿಕೊಳ್ಳುತ್ತಿದ್ದರು. ಯಾರಾದರೂ ನಿಜ ಹೇಳಿದ ದಿನ ಕೇಸರಿಭಾತ್. ರೆಸ್ಯುಮೆಯಲ್ಲಿ ತಂದೆಯ ಹೆಸರು, ಹುಟ್ಟಿದ ದಿನ ಬೇಡವೆಂದು ತಿಳಿದದ್ದು ಹಾಗೆಯೇ.

“ಫೇಲಾದ ಮಕ್ಕಳು ಎಲ್ಲಿ ತಪ್ಪಾಯ್ತು ಅಂತ ಕೇಳೋಕೆ ಬಂದ್ರೆ ಪೆಪ್ಪರ್‌ಮಿಂಟ್ ಕೊಡ್ತಿದ್ದೆ,” ಎಂದರು. “ಈಗ ಕೇಳೋಳು ನಾನೇ. ಪೆಪ್ಪರ್‌ಮಿಂಟ್ ಸಾಲಲ್ಲ.”

ಒಮ್ಮೆ ಡಬ್ಬಿ ಕೊಡುವಾಗ ಅವರ ಕಣ್ಣು ಕೆಂಪಗಿತ್ತು. ಈರುಳ್ಳಿ ಹೆಚ್ಚಿದ್ದೆ ಎಂದರು. ಕೇಸರಿಭಾತಿಗೆಂಥ ಈರುಳ್ಳಿ ಎಂದು ನಾನು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನಗೆ ಅಪರೂಪ.

“ಇಂಟರ್‌ವ್ಯೂನಲ್ಲಿ ನಿಮ್ಮನ್ನೇ ಯಾಕೆ ತಗೋಬೇಕು ಅಂದ್ರು,” ಎಂದರು ಅವರೇ. “ ಅದನ್ನ ನೀವು ಹೇಳ್ಬೇಕು ಅಂದೆ. ನಮ್ಮ ಬಗ್ಗೆ ನಾವೇ ಹೇಳ್ಕೊಳ್ಳೋದು ಹೇಗ್ರಿ? ಆಮೇಲೆ ಫೋನ್ ಮಾಡಿದ್ರೆ ಇಂಟರ್‌ವ್ಯೂ ಮಾಡಿದ ಆಯಮ್ಮ, ಹೇಳ್ಕೊಳ್ಳೋದು ಕಲಿತುಕೊಳ್ಳಿ ಅಂದಳು. ಅದಕ್ಕೇ ನಿಮ್ಮ ಹತ್ರ ಬಂದೆ.”

“ನನ್ನ ಹತ್ರವೇ ಯಾಕೆ?”

“ಕೂಟದಲ್ಲಿ ನಿಮ್ಮ ಭಾಷಣ ಕೇಳಿದ್ದೀನಲ್ಲ.”

ಆ ಸಂಜೆಯೆಲ್ಲ ಪಾಠ ಮಾಡಿದೆ. ನನ್ನ ಹೆಂಡತಿ ಒಳಗಿನಿಂದ, “ಇದೊಂದಕ್ಕೆ ಅವರೇ ಸರಿಯಾದ ಗುರು,” ಎಂದಳು.

ಮುಂದಿನ ತಿಂಗಳು ಕಮ್ಯೂನಿಟಿ ಕಾಲೇಜಿನಲ್ಲಿ ಲೆಕ್ಕ ಕಲಿಸುವ ಕೆಲಸದ ಇಂಟರ್‌ವ್ಯೂನಲ್ಲಿ ಅದೇ ಪ್ರಶ್ನೆ ಬಂತಂತೆ. “ನನ್ನ ಹತ್ತಿರ ಫೇಲಾದವರು ಓಡಿಹೋಗುವುದಿಲ್ಲ, ವಾಪಸ್ ಬರುತ್ತಾರೆ,” ಎಂದರಂತೆ. ಅದು ನನ್ನ ಪಾಠದಲ್ಲಿ ಇರಲಿಲ್ಲ. ಕೆಲಸ ಸಿಕ್ಕಿತು. ಹರಿಣಿಯ ರೂಮಿನ ಬಾಗಿಲು ತೆರೆಯಿತು.

ಅವತ್ತು ಸಂಜೆಯಾದರೂ ಡಬ್ಬಿ ಬರಲಿಲ್ಲ. ನಾನೇ ಹೋಗಿ ಬೆಲ್ ಒತ್ತಿದೆ.

“ಕೆಲಸ ಸಿಕ್ಕಿದ ದಿನ ಕೇಸರಿಭಾತ್ ಇಲ್ಲವಾ ಮೇಡಂ?”

“ಬೆಳಿಗ್ಗೆ ಕ್ಲಾಸಿದೆ. ನೀವು ಮಾಡಿ ತನ್ನಿ.”